ಗೋಡೆಯ ಆಚೆ ಈಚೆ: ಜೊಹ್ರಾ ಸೆಹಗಲ್ ನಡೆದು ಬಂದ ದಾರಿ

ಅಣ್ಣತಮ್ಮಂದಿರಿಬ್ಬರು ಒಂದೇ ಮನೆಯಲ್ಲಿ ಹೊಂದಿಕೊಂಡು ಬಾಳುತ್ತಿದ್ದರು. ಹೊರದೇಶದಿಂದ ಬಂದವರು ಆಸರೆ ಕೇಳಿದರು. ಮನೆಯವರು ಕೊಟ್ಟರು. ಅತಿಥಿಗಳದು ಉಂಡ ಮನೆಯ ಜಂತೆ ಎಣಿಸುವ ಬುದ್ಧಿ. ಅಣ್ಣನ ಕಿವಿಗೊಂದು ಮಾತು, ತಮ್ಮನ ಕಿವಿಗೊಂದು ಮಾತು ಊದಿದರು. ಮೊದಲು ಮನಸ್ಸು ಒಡೆಯಿತು, ಆಮೇಲೆ ಮನೆ. ನಡುಮನೆಯಲ್ಲೇ ಗೋಡೆ ಎದ್ದಿತು. ಕೊನೆಗೆ ಊರಿನ ರೈತರು ಒಟ್ಟಾಗಿ ಬಂದು ಆ ಗೋಡೆಯನ್ನು ಕೆಡವಿದರು.

ಇಂದರ್ ರಾಜ್ ಆನಂದ್ ಬರೆದ ‘ದೀವಾರ್’ ನಾಟಕದ ಕಥೆ ಇದು. ಪೃಥ್ವಿರಾಜ್ ಕಪೂರ್ ಇದನ್ನು 1945ರಲ್ಲಿ ಬೊಂಬಾಯಿಯಲ್ಲಿ ರಂಗಕ್ಕೆ ತಂದರು. ಅತಿಥಿಗಳು ಯಾರು, ಅಣ್ಣತಮ್ಮಂದಿರು ಯಾರು ಎಂದು ನೋಡುಗರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ದೇಶ ಒಡೆಯಲು ಆಗಿನ್ನೂ ಎರಡು ವರ್ಷವಿತ್ತು. ರಂಗದ ಮೇಲಿನ ಗೋಡೆ ಪ್ರತಿ ಪ್ರದರ್ಶನದಲ್ಲೂ ಬೀಳುತ್ತಿತ್ತು, ಮರುದಿನದ ಆಟಕ್ಕೆ ಕಂಪನಿಯವರು ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತಿದ್ದರು.

ಅದೇ 1945ರಲ್ಲಿ ಪೃಥ್ವಿ ಥಿಯೇಟರ್ಸ್ ಸೇರಿದವರಲ್ಲಿ ಮೂವತ್ತಮೂರರ ಒಬ್ಬ ನರ್ತಕಿಯಿದ್ದರು. ಲಾಹೋರಿನಲ್ಲಿ ಗಂಡನೊಂದಿಗೆ ಕಟ್ಟಿದ್ದ ನೃತ್ಯಶಾಲೆಯನ್ನು ಮುಚ್ಚಿ, ಕಂಕುಳಲ್ಲಿ ಎಳೆಯ ಮಗಳನ್ನು ಎತ್ತಿಕೊಂಡು ಬೊಂಬಾಯಿಗೆ ಬಂದಿದ್ದರು. ಹೆಸರು ಜೊಹ್ರಾ ಸೆಹಗಲ್. ಸಂಬಳ ತಿಂಗಳಿಗೆ 400 ರೂಪಾಯಿ.

ಈ ಹೆಸರು ಹೇಳಿದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಹಿಂದಿ ಸಿನಿಮಾದ ಒಬ್ಬ ಅಜ್ಜಿ. ಬೆಳ್ಳಿಗೂದಲು, ಮಾತಿಗೆ ಮೊದಲೇ ನಗುವ ಕಣ್ಣು, ಮೊಮ್ಮಕ್ಕಳ ವಯಸ್ಸಿನ ನಾಯಕನಟರನ್ನು ಗದರಿಸುವ ಸಲಿಗೆ. ‘ಚೀನಿ ಕಮ್’ ನೋಡಿದವರಿಗೆ ಅಮಿತಾಭ್ ಬಚ್ಚನ್ ಅವರ ತಾಯಿಯಾಗಿ ಅವರು ನೆನಪಿದ್ದಾರೆ. ಸಿನಿಮಾ ಅವರನ್ನು ಕಂಡುಕೊಂಡದ್ದೇ ಎಂಬತ್ತು ದಾಟಿದ ಮೇಲೆ ಎನ್ನಬೇಕು. ಅಷ್ಟರಲ್ಲಿ ಅವರ ಬೆನ್ನಿಗೆ ಅರುವತ್ತು ವರ್ಷಗಳ ರಂಗದ ದುಡಿಮೆಯಿತ್ತು. ಆ ದುಡಿಮೆಯ ಉದ್ದಕ್ಕೂ ‘ದೀವಾರ್’ ನಾಟಕದ ಗೋಡೆ ಒಂದಲ್ಲ ಒಂದು ರೂಪದಲ್ಲಿ ಅವರಿಗೆ ಅಡ್ಡ ಬರುತ್ತಲೇ ಇತ್ತು.

ಪರದೆಯ ಹಿಂದಿನ ಹುಡುಗಿ

ಸಾಹಿಬ್‌ಜಾದಿ ಜೊಹ್ರಾ ಬೇಗಂ ಮುಮ್ತಾಜುಲ್ಲಾ ಖಾನ್ ಹುಟ್ಟಿದ್ದು 1912ರ ಏಪ್ರಿಲ್ 27ರಂದು, ಸಹಾರನ್‌ಪುರದಲ್ಲಿ. ರೋಹಿಲ್ಲಾ ಪಠಾಣರ ಸಿರಿವಂತ ಮನೆತನ. ಏಳು ಮಕ್ಕಳಲ್ಲಿ ಮೂರನೆಯವರು. ಬೆಳೆದದ್ದು ಡೆಹ್ರಾಡೂನ್ ಸಮೀಪದ ಚಕ್ರಾತಾ ಬೆಟ್ಟಗಳಲ್ಲಿ, ಮರ ಹತ್ತುತ್ತ, ಗಂಡುಹುಡುಗರ ಆಟ ಆಡುತ್ತ. ತಾಯಿ ಬೇಗ ತೀರಿಕೊಂಡರು. ಹೆಣ್ಣುಮಕ್ಕಳು ಲಾಹೋರಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದಬೇಕೆಂಬುದು ತಾಯಿಯ ಆಸೆಯಾಗಿತ್ತು. ಅದು ನಡೆಯಿತು.

ಕ್ವೀನ್ ಮೇರಿ ದೊಡ್ಡ ಮನೆತನಗಳ ಹೆಣ್ಣುಮಕ್ಕಳ ಶಾಲೆ, ಗೋಷಾ ಪದ್ಧತಿ ಬಿಗಿಯಾಗಿತ್ತು. ಗಂಡಸರು ಭಾಷಣಕ್ಕೆ ಬಂದರೆ ಪರದೆಯ ಆಚೆ ನಿಂತೇ ಮಾತಾಡಬೇಕು. ಮುಂದೆ ಏಳು ದಶಕ ಜನರೆದುರು ನಿಂತು ಬಾಳಲಿದ್ದ ಹುಡುಗಿಗೆ ಮೊದಲ ಪಾಠಗಳಾದದ್ದು ಹೀಗೆ, ಪರದೆ ಇಳಿಬಿಟ್ಟ ಕೋಣೆಯಲ್ಲಿ. ಆದರೆ ಇಂಗ್ಲಿಷ್ ನುಡಿಯ ಸ್ಪಷ್ಟ ಉಚ್ಚಾರ ಸಿಕ್ಕಿದ್ದೂ ಅಲ್ಲಿಯೇ, ಶಾಲೆಯ ನಾಟಕಗಳ ರುಚಿ ಹತ್ತಿದ್ದೂ ಅಲ್ಲಿಯೇ.

ಓದು ಮುಗಿದರೆ ಮದುವೆ. ಆ ಕಾಲದ ಲೆಕ್ಕ ಅದು. ಜೊಹ್ರಾ ಒಪ್ಪಲಿಲ್ಲ. ಎಡಿನ್‌ಬರೋದಲ್ಲಿ ನೆಲೆಸಿದ್ದ ಸೋದರಮಾವ ಸೊಸೆಯ ಹಟಕ್ಕೆ ದಾರಿ ಮಾಡಿಕೊಟ್ಟರು. 1930ರಲ್ಲಿ ಮಾವ ಸೊಸೆ ಲಾಹೋರಿನಿಂದ ಕಾರಿನಲ್ಲಿ ಹೊರಟರು. ಇರಾನ್, ಸಿರಿಯಾ, ಪ್ಯಾಲೆಸ್ಟೈನ್‌ಗಳನ್ನು ಹಾದು ಈಜಿಪ್ಟ್ ತಲುಪಿ, ಅಲೆಕ್ಸಾಂಡ್ರಿಯಾದಲ್ಲಿ ಹಡಗು ಹತ್ತಿ ಯುರೋಪಿನಲ್ಲಿ ಇಳಿದರು. ಇಂದು ಅದೇ ದಾರಿ ಹಿಡಿಯುವವರಿಗೆ ಪಾಸ್‌ಪೋರ್ಟಿನ ಪುಟಗಳು ಸಾಲವು, ಧೈರ್ಯವೂ ಸಾಲದು. ಗಡಿಗಳು ಇನ್ನೂ ಅಷ್ಟು ಗಟ್ಟಿಯಾಗಿರದ ಕಾಲದಲ್ಲಿ ಮನೆಬಿಟ್ಟವರು ಅವರು.

ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಮೇರಿ ವಿಗ್ಮನ್ ಅವರ ನೃತ್ಯಶಾಲೆಯಿತ್ತು. ಬ್ಯಾಲೆಯ ನಾಜೂಕನ್ನು ಬದಿಗಿಟ್ಟು, ಒಳಗಿನ ತಳಮಳವನ್ನು ಮೈಯಿಂದಲೇ ಹೊರಹಾಕುವ ಹೊಸ ನೃತ್ಯವನ್ನು ವಿಗ್ಮನ್ ರೂಪಿಸಿದ್ದರು. ಅಲ್ಲಿ ಸಂಗೀತಕ್ಕೆ ಹೆಜ್ಜೆ ಜೋಡಿಸುವ ಆತುರವಿಲ್ಲ. ಕೆಲವೊಮ್ಮೆ ಸಂಗೀತವೇ ಇಲ್ಲ, ಬರೀ ತಮಟೆಯ ಸದ್ದು, ಅಥವಾ ಮೌನ. ಜೊಹ್ರಾ ಅಲ್ಲಿಗೆ ಹೋದಾಗ ಕುಣಿತದ ಗಂಧಗಾಳಿಯೂ ಇರಲಿಲ್ಲ. ಮೂರು ವರ್ಷ ಮೈ ದಂಡಿಸಿ ಕಲಿತರು. ಉಸಿರು ಎಲ್ಲಿ ಹುಟ್ಟುತ್ತದೆ, ತೂಕ ಯಾವ ಕಾಲಿಗೆ ಬೀಳುತ್ತದೆ, ನಿಂತಲ್ಲೇ ನಿಂತು ರಂಗವನ್ನು ತುಂಬುವುದು ಹೇಗೆ ಎಂಬುದು ಆ ಪಾಠ. ನೂರು ವರ್ಷ ದಾಟಿದ ಮೇಲೂ ಅವರ ಬೆನ್ನು ನೆಟ್ಟಗಿತ್ತಲ್ಲ, ಅದರ ಗುಟ್ಟು ಅಲ್ಲಿಂದಲೇ ಶುರು.

ಡ್ರೆಸ್ಡೆನ್‌ನಲ್ಲಿದ್ದಾಗಲೇ ಅವರು ಉದಯ ಶಂಕರ್ ತಂಡದ ‘ಶಿವ-ಪಾರ್ವತಿ’ ನೃತ್ಯರೂಪಕವನ್ನು ನೋಡಿದರು. ಪ್ರದರ್ಶನದ ಬಳಿಕ ಹೋಗಿ ಕಂಡರು. ಮುಂದೆ ನೋಡೋಣ ಎಂಬ ಭರವಸೆ ಸಿಕ್ಕಿತು. ಇಂಥ ಭರವಸೆಗಳು ಸಾಮಾನ್ಯವಾಗಿ ಸೌಜನ್ಯದ ಮಾತಾಗಿಯೇ ಉಳಿಯುತ್ತವೆ. ಇದು ಉಳಿಯಲಿಲ್ಲ. ಡೆಹ್ರಾಡೂನಿಗೆ ಮರಳಿದ್ದ ಜೊಹ್ರಾಗೆ ಒಂದು ದಿನ ತಂತಿ ಬಂತು: ತಂಡ ಜಪಾನಿಗೆ ಹೊರಟಿದೆ, ಕೂಡಲೇ ಬರಲಾದೀತೆ?

ಅಲ್ಮೋರಾದ ತಾಲೀಮು

1935ರ ಆಗಸ್ಟ್ 8ರಂದು ಜೊಹ್ರಾ ಉದಯ ಶಂಕರ್ ತಂಡ ಸೇರಿದರು. ಜಪಾನ್, ಈಜಿಪ್ಟ್, ಯುರೋಪ್, ಅಮೆರಿಕ ಎಂದು ತಂಡ ಸುತ್ತಿತು. ಫ್ರೆಂಚ್ ನರ್ತಕಿ ಸಿಮ್ಕಿ ಮತ್ತು ಜೊಹ್ರಾ ಮುಂಚೂಣಿಯಲ್ಲಿದ್ದರು. ತಂಗಿ ಉಜ್ರಾ ಕೂಡ ಅಕ್ಕನ ಹಿಂದೆಯೇ ಬಂದು ತಂಡದಲ್ಲಿ ಸೇರಿಕೊಂಡಳು. ಮುಸ್ಲಿಂ ದೊಡ್ಡ ಮನೆತನದ ಇಬ್ಬರು ಹೆಣ್ಣುಮಕ್ಕಳು ಶಿವ, ಪಾರ್ವತಿ, ಇಂದ್ರರ ಕಥೆಗಳನ್ನು ದೇಶದೇಶಗಳಲ್ಲಿ ಕುಣಿದು ಬಂದರು.

ಯುರೋಪಿನಲ್ಲಿ ಯುದ್ಧದ ಕಾರ್ಮೋಡ ಕವಿಯುತ್ತಿದ್ದಂತೆ ಉದಯ ಶಂಕರ್ ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಸಂಸ್ಕೃತಿ ಕೇಂದ್ರ ತೆರೆದರು. ಅಲ್ಲಿ ಪಾಠ ಹೇಳಿದವರ ಹೆಸರು ನೋಡಿದರೆ ಬೆರಗಾಗುತ್ತದೆ. ಕಥಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೈ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಅಲ್ಲಾವುದ್ದೀನ್ ಖಾನ್. ಇವರ ನಡುವೆ 1940ರಲ್ಲಿ ಜೊಹ್ರಾ ಕೂಡ ಶಿಕ್ಷಕಿಯಾದರು. ವಿಗ್ಮನ್ ಶಾಲೆಯ ಶಿಸ್ತನ್ನು ಭಾರತೀಯ ಹೆಜ್ಜೆಗಳಿಗೆ ಹೊಂದಿಸಿ ಪಾಠಕ್ರಮ ಸಿದ್ಧಪಡಿಸುವ ಕೆಲಸ ಅವರ ಪಾಲಿಗೆ ಬಂತು.

ಅಲ್ಲಿಗೆ ಕಲಿಯಲು ಬಂದಿದ್ದ ಹುಡುಗರಲ್ಲಿ ಒಬ್ಬ ಬೆಂಗಳೂರಿನಲ್ಲಿ ಹುಟ್ಟಿದವನು, ಪಡುಕೋಣೆಯ ಕುಟುಂಬದವನು. ಹೆಸರು ಗುರುದತ್. ಕೆಲವು ವರ್ಷಗಳ ನಂತರ ಆತ ನಿರ್ದೇಶಿಸಿದ ಮೊದಲ ಸಿನಿಮಾ ‘ಬಾಜಿ’ (1951) ತೆರೆಗೆ ಬಂದಾಗ ಅದರ ನೃತ್ಯ ಸಂಯೋಜಕಿ ಅಲ್ಮೋರಾದ ಅದೇ ಟೀಚರ್. ಮುಂದೆ ಗುರುದತ್ ನಿರ್ಮಿಸಿದ ‘ಸಿ.ಐ.ಡಿ.’ (1956) ಚಿತ್ರಕ್ಕೂ ಜೊಹ್ರಾ ಅವರದೇ ನೃತ್ಯ. ಅವರ ಸಿನಿಮಾ ಬದುಕಿನ ಮೊದಲ ಭಾಗ ಹೆಚ್ಚಾಗಿ ಹೀಗೆಯೇ ನಡೆಯಿತು. ಕ್ಯಾಮೆರಾದ ಮುಂದೆ ಬೇರೆಯವರು ಕುಣಿದರು, ಹಿಂದೆ ನಿಂತು ಹೆಜ್ಜೆ ಎಣಿಸಿದವರು ಇವರು.

ಅಲ್ಮೋರಾದ ಇನ್ನೊಬ್ಬ ವಿದ್ಯಾರ್ಥಿ ಕಾಮೇಶ್ವರ್ ಸೆಹಗಲ್. ಇಂದೋರಿನವರು, ಚಿತ್ರಕಾರ, ನರ್ತಕ, ಜೊಹ್ರಾಗಿಂತ ಎಂಟು ವರ್ಷ ಚಿಕ್ಕವರು, ಹಿಂದೂ. ಎರಡೂ ಕಡೆಯ ಹಿರಿಯರಿಗೆ ಕಸಿವಿಸಿಯಾಗಲು ಇದರಲ್ಲಿ ಒಂದೇ ಸಾಕಿತ್ತು. ಮನೆಯವರು ಕೊನೆಗೆ ಒಪ್ಪಿದರು. 1942ರ ಆಗಸ್ಟ್ 14ರಂದು ಮದುವೆ. ಜವಾಹರಲಾಲ್ ನೆಹರೂ ಸಮಾರಂಭಕ್ಕೆ ಬರುವುದೆಂದು ಗೊತ್ತಾಗಿತ್ತು. ಅಷ್ಟರಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಭುಗಿಲೆದ್ದು, ಆಗಸ್ಟ್ 9ರಂದೇ ಸರ್ಕಾರ ಅವರನ್ನು ಬಂಧಿಸಿತ್ತು.

ಯುದ್ಧಕಾಲದ ಹಣದ ಮುಗ್ಗಟ್ಟಿನಲ್ಲಿ ಅಲ್ಮೋರಾ ಕೇಂದ್ರ ಮುಚ್ಚಿತು. ದಂಪತಿ ಲಾಹೋರಿಗೆ ಹೋಗಿ ತಮ್ಮಿಬ್ಬರ ಹೆಸರು ಬೆರೆಸಿ ‘ಜೊಹ್ರೇಶ್’ ನೃತ್ಯಶಾಲೆ ತೆರೆದರು. ಜೊಹ್ರಾ ಓದಿದ ಊರದು. ಆದರೆ ಊರಿನ ಗಾಳಿ ಬದಲಾಗುತ್ತಿತ್ತು. ಹಿಂದೂ ಗಂಡ, ಮುಸ್ಲಿಂ ಹೆಂಡತಿ ಎಂದು ಜನ ಬೆರಳು ಮಾಡಿ ತೋರಿಸುವ ದಿನಗಳು ಬಂದವು. ಶಾಲೆಗೆ ಹೆಸರು ಕೂಡಿಸಿ ಇಡಬಹುದಿತ್ತು, ಊರಿನಲ್ಲಿ ಕೂಡಿ ಬಾಳುವುದು ಕಷ್ಟವಾಯಿತು. ಬೀಗ ಹಾಕಿ ಬೊಂಬಾಯಿಯ ರೈಲು ಹತ್ತಿದರು. ತಂಗಿ ಉಜ್ರಾ ಆಗಲೇ ಅಲ್ಲಿ ಪೃಥ್ವಿರಾಜರ ನಾಟಕಗಳಲ್ಲಿ ನಾಯಕಿಯಾಗಿದ್ದಳು.

ಪಾಪಾಜಿಯ ಕಂಪನಿ

ಪೃಥ್ವಿರಾಜ್ ಕಪೂರ್ ಎಂದರೆ ಕನ್ನಡದ ಪ್ರೇಕ್ಷಕರಿಗೆ ಪುಟ್ಟಣ್ಣ ಕಣಗಾಲರ ‘ಸಾಕ್ಷಾತ್ಕಾರ’ (1971) ನೆನಪಾಗುತ್ತದೆ. ರಾಜಕುಮಾರ್ ಅವರ ತಂದೆಯಾಗಿ ಆ ಗಂಭೀರ ಮುಖ ತೆರೆಯ ಮೇಲಿತ್ತು. ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿ ಬೆಳೆದ ಮಗ, ಸ್ವಂತ ಕಂಪನಿ ಕಟ್ಟಿ ಕೈಸುಟ್ಟುಕೊಂಡ ತಂದೆ. ಇಬ್ಬರೂ ಮೊಕ್ಕಾಮಿನ ಊಟ ಉಂಡವರೇ.

1944ರಲ್ಲಿ ‘ಶಕುಂತಲಾ’ ನಾಟಕದಿಂದ ಶುರುವಾದ ಪೃಥ್ವಿ ಥಿಯೇಟರ್ಸ್ ಹದಿನಾರು ವರ್ಷ ನಡೆಯಿತು. ಆ ಅವಧಿಯಲ್ಲಿ 2,662 ಪ್ರದರ್ಶನಗಳಾದವು. ಒಂದೊಂದರಲ್ಲೂ ಪೃಥ್ವಿರಾಜರೇ ಮುಖ್ಯ ಪಾತ್ರಧಾರಿ. ಸಿನಿಮಾದಲ್ಲಿ ಗಳಿಸಿದ್ದನ್ನು ತಂದು ನಾಟಕಕ್ಕೆ ಸುರಿದರು. ಬೊಂಬಾಯಿಯಲ್ಲಿ ರಾಯಲ್ ಆಪೆರಾ ಹೌಸ್ ಅವರ ನೆಲೆ, ಉಳಿದಂತೆ ದೇಶವೆಲ್ಲ ಮೊಕ್ಕಾಂ. ನಟನಟಿಯರು, ವಾದ್ಯದವರು, ಬಡಗಿಗಳು, ಲೈಟಿನವರು, ಅಡುಗೆಯವರು, ಸೀನರಿಯ ಪೆಟ್ಟಿಗೆಗಳು, ಎಲ್ಲವೂ ರೈಲಿನಲ್ಲಿ ಊರೂರಿಗೆ. ಯಜಮಾನರೂ ಮೂರನೇ ದರ್ಜೆಯ ಡಬ್ಬಿಯಲ್ಲೇ ಕೂತು ಬರುತ್ತಿದ್ದರು. ಇಡೀ ಕಂಪನಿಗೆ ಅವರು ‘ಪಾಪಾಜಿ’.

ನಾಯಕಿಯ ಪಾತ್ರಗಳು ಚೆಲುವೆ ತಂಗಿಯ ಪಾಲಾದವು. ಜೊಹ್ರಾ ಕುಣಿತ ಕಲಿಸಿದರು, ಸಣ್ಣಪುಟ್ಟ ಪಾತ್ರಗಳನ್ನು, ನಗಿಸುವ ಪಾತ್ರಗಳನ್ನು, ವಯಸ್ಸಾದ ಹೆಂಗಸರನ್ನು ಅಭಿನಯಿಸಿದರು. ದೇಶದೇಶಗಳಲ್ಲಿ ಮುಂಚೂಣಿಯಲ್ಲಿ ಕುಣಿದು ಬಂದವರಿಗೆ ಇದು ಮೇಲಿನ ಮೆಟ್ಟಿಲಿಂದ ಕೆಳಗಿಳಿದಂತೆ. ಆದರೆ ನೃತ್ಯ ಬಲ್ಲವರಿಗೆ ಮಾತು ಬರಬೇಕಲ್ಲ? ಮೈಕು ನಂಬದ ರಂಗದಲ್ಲಿ ಕೊನೆಯ ಸಾಲಿನ ನಾಲ್ಕಾಣೆ ಟಿಕೆಟಿನವನಿಗೂ ಮಾತು ಮುಟ್ಟಿಸುವ ವಿದ್ಯೆಯನ್ನು ಅವರು ಕಲಿತದ್ದು ಇಲ್ಲಿ. ಒಂದೇ ಪಾತ್ರವನ್ನು ನೂರಾರು ಸಲ ಮಾಡುತ್ತ, ಪ್ರತಿ ಸಲವೂ ಈಗಷ್ಟೇ ಹೊಳೆದಂತೆ ಹೇಳುವ ಕಸುಬು ಇಲ್ಲಿ ಕೈವಶವಾಯಿತು. ಹದಿನಾಲ್ಕು ವರ್ಷ ಅವರು ಆ ಕಂಪನಿಯಲ್ಲಿದ್ದರು.

ಆ ಕಂಪನಿಯ ಅಂಗಳದಿಂದ ಎದ್ದು ಬಂದವರು ಎಷ್ಟೊಂದು ಜನ! ರಾಜ್, ಶಮ್ಮಿ, ಶಶಿ ಮೂವರೂ ಮಕ್ಕಳು ಅಪ್ಪನ ಕೈಕೆಳಗೆ ದುಡಿದರು. ವಾದ್ಯದವರ ಗುಂಪಿನಲ್ಲಿದ್ದ ಶಂಕರ್ ಮತ್ತು ಜೈಕಿಶನ್ ಮುಂದೆ ಜೋಡಿಯಾಗಿ ಹಿಂದಿ ಚಿತ್ರಸಂಗೀತವನ್ನು ಆಳಿದರು. ರಮಾನಂದ ಸಾಗರ್ ಈ ಕಂಪನಿಗಾಗಿ ‘ಕಲಾಕಾರ್’ ನಾಟಕ ಬರೆದರು.

ಬೊಂಬಾಯಿಯಲ್ಲಿ ಜೊಹ್ರಾ 1943ರಲ್ಲಿ ಹುಟ್ಟಿದ್ದ ‘ಇಪ್ಟಾ’ ಜನರಂಗಭೂಮಿ ಸಂಘಟನೆಗೂ ಹತ್ತಿರವಾದರು. ಬಂಗಾಳದ ಬರಗಾಲದ ಮೇಲೆ ಕೆ.ಎ. ಅಬ್ಬಾಸ್ ಇಪ್ಟಾದ ಪರವಾಗಿ ತೆಗೆದ ‘ಧರ್ತಿ ಕೆ ಲಾಲ್’, ಚೇತನ್ ಆನಂದರ ‘ನೀಚಾ ನಗರ್’, ಎರಡೂ 1946ರ ಚಿತ್ರಗಳು, ಎರಡರಲ್ಲೂ ಜೊಹ್ರಾ ಇದ್ದಾರೆ. ‘ನೀಚಾ ನಗರ್’ ಆ ವರ್ಷ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಹಂಚಿಕೊಂಡ ಚಿತ್ರಗಳಲ್ಲಿ ಒಂದು. ಎರಡಕ್ಕೂ ಸಂಗೀತ ಕೊಟ್ಟವರು ಉದಯ ಶಂಕರರ ಕಿರಿಯ ತಮ್ಮ ರವಿಶಂಕರ್. ಅಲ್ಮೋರಾದ ಮನೆಮಂದಿಯೇ ಬೊಂಬಾಯಿಯಲ್ಲಿ ಮತ್ತೆ ಒಟ್ಟಾದಂತಿತ್ತು.

ಬಂತು 1947. ‘ದೀವಾರ್’ ಆಡುತ್ತಿದ್ದವರ ಕಣ್ಣೆದುರೇ ನಿಜವಾದ ಗೋಡೆ ಎದ್ದಿತು. ಪೃಥ್ವಿರಾಜರ ಹುಟ್ಟೂರಿನ ಸೀಮೆ ಆಚೆಗೆ ಹೋಯಿತು, ಜೊಹ್ರಾ ಓದಿದ ಲಾಹೋರು ಆಚೆಗೆ ಹೋಯಿತು. ಕಂಪನಿ ಸುಮ್ಮನಾಗಲಿಲ್ಲ. ಹಿಂದೂ ಗೆಳೆಯನ ಮಗನನ್ನು ಉಳಿಸಲು ಸ್ವಂತ ಮಗನನ್ನೇ ಬಿಟ್ಟುಕೊಡುವ ಮುಸ್ಲಿಮನ ಕಥೆ ‘ಪಠಾನ್’ ಅದೇ ವರ್ಷ ಬಂತು. ಮರುವರ್ಷ ‘ಗದ್ದಾರ್’. 1949ರಲ್ಲಿ ‘ಆಹುತಿ’, ಗಲಭೆಯಲ್ಲಿ ಅಪಹರಣಕ್ಕೊಳಗಾಗಿ ಮರಳಿದ ಹೆಣ್ಣನ್ನು ಸ್ವಂತ ಸಮಾಜವೇ ಹೊರಗಿಡುವ ಕಥೆ ಅದು. ಪ್ರೇಕ್ಷಕರಲ್ಲಿ ಅದನ್ನು ಅನುಭವಿಸಿ ಬಂದ ನಿರಾಶ್ರಿತರೂ ಇರುತ್ತಿದ್ದ ದಿನಗಳವು.

ಪ್ರದರ್ಶನ ಮುಗಿದ ಮೇಲೆ ಪೃಥ್ವಿರಾಜ್ ಬಾಗಿಲ ಬಳಿ ತಲೆತಗ್ಗಿಸಿ, ಜೋಳಿಗೆ ಹಿಡಿದು ನಿಲ್ಲುತ್ತಿದ್ದರು. ಹೊರಗೆ ಹೋಗುವ ಜನ ಕೈಗೆ ಬಂದದ್ದನ್ನು ಹಾಕುತ್ತಿದ್ದರು. ಆ ಹಣ ಸಂತ್ರಸ್ತರಿಗೆ. ಒಂದು ಘಳಿಗೆಯ ಹಿಂದೆ ರಂಗದ ಮೇಲೆ ಗುಡುಗಿದ ಮನುಷ್ಯ ಕಣ್ಣೆತ್ತದೆ ಭಿಕ್ಷೆಗೆ ನಿಂತದ್ದನ್ನು ಜೊಹ್ರಾ ನೂರಾರು ಸಲ ನೋಡಿದರು. ಕಲಾವಿದರಿಗೆ ಬಿಂಕ ಯಾವಾಗ ಬೇಕು, ಯಾವಾಗ ಬೇಡ ಎಂಬ ಪಾಠ ಅದಕ್ಕಿಂತ ಚೆನ್ನಾಗಿ ಎಲ್ಲಿ ಸಿಕ್ಕೀತು? ಆ ಪಾಠ ಅವರಿಗೆ ಲಂಡನ್ನಿನಲ್ಲಿ ಕೆಲಸಕ್ಕೆ ಬಂತು.

ಐವತ್ತರಲ್ಲಿ ಮತ್ತೆ ಅ ಆ ಇ ಈ

1959ರಲ್ಲಿ ಕಾಮೇಶ್ವರ್ ತೀರಿಕೊಂಡರು. ಮರುವರ್ಷ ಪೃಥ್ವಿ ಥಿಯೇಟರ್ಸ್ ಬಾಗಿಲು ಹಾಕಿತು. ಮಕ್ಕಳು ಕಿರಣ್ ಮತ್ತು ಪವನ್ ಇನ್ನೂ ದಡ ಸೇರಿರಲಿಲ್ಲ. ಜೊಹ್ರಾ ದೆಹಲಿಗೆ ಬಂದು ಆಗಷ್ಟೇ ಹುಟ್ಟಿದ್ದ ನಾಟ್ಯ ಅಕಾಡೆಮಿಯ ಹೊಣೆ ಹೊತ್ತರು. 1962ರಲ್ಲಿ ರಂಗಭೂಮಿಯ ಅಧ್ಯಯನಕ್ಕೆ ವಿದ್ಯಾರ್ಥಿವೇತನ ಸಿಕ್ಕಿತು. ಲಂಡನ್ನಿಗೆ ಹೊರಟಾಗ ಅವರಿಗೆ ಐವತ್ತು. ಅತ್ತ 1964ರಲ್ಲಿ ಉಜ್ರಾ ಗಂಡನೊಂದಿಗೆ ಪಾಕಿಸ್ತಾನಕ್ಕೆ ಹೋಗಿ ನೆಲೆಸಿದರು. ಒಂದೇ ಕಂಪನಿಯಲ್ಲಿ ಬಣ್ಣ ಹಚ್ಚಿದ್ದ ಅಕ್ಕತಂಗಿಯರ ನಡುವೆ ಈಗ ನಾಟಕದ್ದಲ್ಲದ ಗೋಡೆ.

ಲಂಡನ್ನಿನಲ್ಲಿ ಅವರ ಹಳೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಬೆಂಗಳೂರಿನಿಂದ ಹೋಗಿ ಜಗತ್ತಿನಲ್ಲೆಲ್ಲ ಹೆಸರು ಮಾಡಿದ್ದ ನರ್ತಕ ರಾಮ್ ಗೋಪಾಲ್ 1963ರಲ್ಲಿ ಚೆಲ್ಸಿಯಲ್ಲಿ ನೃತ್ಯಶಾಲೆ ನಡೆಸುತ್ತಿದ್ದರು. ಅಲ್ಲಿ ಜೊಹ್ರಾ ಉದಯ ಶಂಕರ್ ಶೈಲಿಯನ್ನು ಕಲಿಸಿದರು. ಶಾಲೆ ಹೆಚ್ಚು ದಿನ ಬಾಳಲಿಲ್ಲ. ಹೊಟ್ಟೆಪಾಡಿಗೆ ಓಲ್ಡ್ ವಿಕ್ ರಂಗಮಂದಿರದಲ್ಲಿ ಉಡುಪು ತೊಡಿಸುವ ಕೆಲಸಕ್ಕೆ ಸೇರಿದರು. ದೃಶ್ಯದಿಂದ ದೃಶ್ಯಕ್ಕೆ ಓಡಿಬರುವ ನಟನಟಿಯರಿಗೆ ಬಟ್ಟೆ ಹಿಡಿದು ನಿಲ್ಲಬೇಕು, ಗುಂಡಿ ಹಾಕಬೇಕು, ಬೆವರಿಳಿದ ಅಂಗಿಯನ್ನು ತೆಗೆದಿಡಬೇಕು. ಬೇರೆಯವರಾಗಿದ್ದರೆ ಇದನ್ನು ಅವಮಾನವೆಂದು ಬಗೆದು ಮರೆಮಾಚುತ್ತಿದ್ದರೇನೋ. ಜೊಹ್ರಾ ನಗುತ್ತ ಹೇಳಿಕೊಂಡರು. ರಂಗದ ಪಕ್ಕದಲ್ಲಿ ನಿಂತಿರುವುದೇ ಅವರಿಗೆ ಮುಖ್ಯವಾಗಿತ್ತು.

ಬ್ರಿಟನ್ನಿನ ಟೆಲಿವಿಷನ್ನಿಗೆ ಆಗ ಭಾರತದ ಮುಖ ಬೇಕಾಗುತ್ತಿದ್ದದ್ದು ಅಪರೂಪಕ್ಕೆ, ಅದೂ ಆಯಾ ಆಗಿಯೋ ಸೇವಕಿಯಾಗಿಯೋ. 1964ರಲ್ಲಿ ಕಿಪ್ಲಿಂಗ್ ಕಥೆಯೊಂದರ ಬಿಬಿಸಿ ರೂಪದಲ್ಲಿ ಅವರಿಗೆ ಪಾತ್ರ ಸಿಕ್ಕಿತು. 1965ರಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯಲ್ಲಿ ಕಾಣಿಸಿಕೊಂಡರು. ವಲಸೆ ಬಂದ ಏಷ್ಯಾದವರಿಗಾಗಿ ಬಿಬಿಸಿ ‘ಪಡೋಸಿ’ ಎಂಬ ಕಾರ್ಯಕ್ರಮ ಮಾಡಿದಾಗ 1976-77ರಲ್ಲಿ ಅದರ 26 ಕಂತುಗಳನ್ನು ನಡೆಸಿಕೊಟ್ಟರು. ಪಡೋಸಿ ಎಂದರೆ ನೆರೆಯವರು. ಪಕ್ಕದ ಮನೆಯ ಬಿಳಿಯರೊಂದಿಗೆ ಹೇಗೆ ಬಾಳುವುದು ಎಂದು ಹೇಳಿಕೊಟ್ಟವರಿಗೆ, ಅಲ್ಲಿನ ಭಾರತೀಯರೂ ಪಾಕಿಸ್ತಾನಿಗಳೂ ಒಂದೇ ಪರದೆಯ ಮುಂದೆ ಕೂತ ಪ್ರೇಕ್ಷಕರು.

ಇಪ್ಪತ್ತು ವರ್ಷ ಹೀಗೆ ಚೂರುಪಾರು ಕೆಲಸದಲ್ಲಿ ಕಳೆಯಿತು. 1984ರಲ್ಲಿ ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಬಂತು. ಬ್ರಿಟಿಷ್ ಆಳ್ವಿಕೆಯ ಕೊನೆಯ ವರ್ಷಗಳ ಆ ಧಾರಾವಾಹಿಯಲ್ಲಿ ಲೇಡಿ ಲಿಲಿ ಚಟರ್ಜಿಯಾಗಿ ಜೊಹ್ರಾ ನಿಂತಾಗ ಅಭಿನಯಿಸಿದಂತೆಯೇ ಇರಲಿಲ್ಲ. ಆ ಕಾಲದ ಸಭ್ಯತೆಯನ್ನೂ ಅದರೊಳಗಿನ ಹುಳುಕನ್ನೂ ಕಣ್ಣಾರೆ ಕಂಡಿದ್ದ ಹೆಂಗಸು ಅವರು. ಕ್ವೀನ್ ಮೇರಿಯ ಇಂಗ್ಲಿಷು, ಪೃಥ್ವಿಯ ಧ್ವನಿ, ವಿಗ್ಮನ್ ಶಾಲೆಯ ನಿಲುವು, ಮೂರೂ ಒಂದೇ ಪಾತ್ರದಲ್ಲಿ ಕೂಡಿಬಂದವು. ಆಗ ಅವರಿಗೆ ಎಪ್ಪತ್ತೆರಡು. ಮರುವರ್ಷ ಶುರುವಾದ ‘ತಂದೂರಿ ನೈಟ್ಸ್’ ಹಾಸ್ಯ ಧಾರಾವಾಹಿ ಅವರನ್ನು ಬ್ರಿಟನ್ನಿನ ಮನೆಮಾತಾಗಿಸಿತು.

ಲಾಹೋರು, ದಶಕಗಳ ಮೇಲೆ

1983ರಲ್ಲಿ ಉದಯ ಶಂಕರ್ ಸ್ಮರಣೆಗೆಂದು ರವಿಶಂಕರ್ ಕೂಡಿಸಿದ್ದ ಒಂದು ಕೂಟದಲ್ಲಿ ಜೊಹ್ರಾ ಇದ್ದಕ್ಕಿದ್ದಂತೆ ಎದ್ದು ಉರ್ದು ಕವಿತೆ ಹೇಳಿದರು. ಅದರಿಂದ ಅವರ ಮತ್ತೊಂದು ರಂಗವೇ ತೆರೆಯಿತು. ಮುಂದೆ ಒಂದು ಕುರ್ಚಿ, ಒಂದು ದೀಪ, ಒಬ್ಬ ಮುದುಕಿ, ಇಷ್ಟೇ ಇದ್ದರೂ ಸಭಾಂಗಣ ತುಂಬುತ್ತಿತ್ತು. ಫೈಜ್ ಮತ್ತು ಹಫೀಜ್ ಜಾಲಂಧರಿಯವರ ಕವಿತೆಗಳು ಅವರ ಬಾಯಲ್ಲಿ ಹೊಸದಾದವು. ಇಬ್ಬರೂ ಗಡಿಯಾಚೆಯ ಕವಿಗಳು, ಪ್ರೇಕ್ಷಕರು ಎರಡೂ ಕಡೆ.

1993ರಲ್ಲಿ ಅವರು ಲಾಹೋರಿಗೆ ಹೋದದ್ದು ಕವಿತೆ ಹೇಳಲಿಕ್ಕಲ್ಲ, ತಂಗಿಯ ಜೊತೆ ಬಣ್ಣ ಹಚ್ಚಲಿಕ್ಕೆ. ಉಜ್ರಾ ಬಹಳ ವರ್ಷ ರಂಗದಿಂದ ದೂರವಿದ್ದು, 1980ರ ದಶಕದಲ್ಲಿ ಅಜೋಕಾ ತಂಡದೊಂದಿಗೆ ಮತ್ತೆ ಅಭಿನಯಕ್ಕೆ ಇಳಿದಿದ್ದರು. ಆ ತಂಡದ ನಾಟಕಕಾರ ಶಾಹಿದ್ ನದೀಂ ಅಕ್ಕತಂಗಿಯರ ಬಾಳನ್ನೇ ಎಳೆಯಾಗಿಟ್ಟುಕೊಂಡು ‘ಏಕ್ ಥಿ ನಾನಿ’ ಬರೆದರು. ಗಡಿಯ ಎರಡು ಬದಿಗಳಲ್ಲಿ ಮುಪ್ಪಾದ ಇಬ್ಬರು ಸೋದರಿಯರು, ಅವರ ನಡುವೆ ತನ್ನ ದಾರಿ ಹುಡುಕುವ ಒಬ್ಬ ಮೊಮ್ಮಗಳು. ಪಾತ್ರಗಳಿಗೆ ಬೇರೆ ಹೆಸರಿತ್ತು. ಆದರೆ ರಂಗದ ಮೇಲೆ ಎಂಬತ್ತೊಂದರ ಅಕ್ಕ, ಎಪ್ಪತ್ತಾರರ ತಂಗಿ ಎದುರುಬದುರಾಗಿ ನಿಂತಾಗ ನೋಡುಗರಿಗೆ ಯಾವುದು ನಾಟಕ, ಯಾವುದು ನಿಜ ಎಂದು ಬೇರೆ ಮಾಡಲು ಆಗುವಂತಿರಲಿಲ್ಲ. ದಶಕಗಳ ಬಳಿಕ ಇಬ್ಬರೂ ಒಂದೇ ರಂಗದಲ್ಲಿದ್ದರು. ಜೊಹ್ರಾ ಬೀಗ ಹಾಕಿ ಬಂದ ನೃತ್ಯಶಾಲೆ ಇದ್ದದ್ದೂ ಅದೇ ಊರಿನಲ್ಲಿ.

ಎಲ್ಲರ ಅಜ್ಜಿ

ಅಷ್ಟರಲ್ಲಿ ಅವರು ದೆಹಲಿಗೆ ಮರಳಿ ಮಗಳು, ಒಡಿಸ್ಸಿ ನರ್ತಕಿ ಕಿರಣ್ ಜೊತೆ ನೆಲೆಯಾಗುತ್ತಿದ್ದರು. 1994ರಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಅದನ್ನೂ ದಾಟಿದರು. ಹಿಂದಿ ಸಿನಿಮಾ ಬಾಗಿಲು ತಟ್ಟಿದ್ದು ಆಮೇಲೆ. ‘ದಿಲ್ ಸೇ’, ‘ಹಮ್ ದಿಲ್ ದೇ ಚುಕೇ ಸನಮ್’, ಬ್ರಿಟನ್ನಿನ ‘ಬೆಂಡ್ ಇಟ್ ಲೈಕ್ ಬೆಕ್‌ಹ್ಯಾಮ್’. ಪಾತ್ರ ಎಲ್ಲ ಕಡೆಯೂ ಒಂದೇ, ಅಜ್ಜಿ. ಆದರೆ ಸಿನಿಮಾದ ಅಜ್ಜಿ ಎಂದರೆ ಜಪಮಾಲೆ ಹಿಡಿದು ಮೂಲೆಯಲ್ಲಿ ಕೂತು, ಮಧ್ಯಂತರದ ಬಳಿಕ ಕಣ್ಣು ಮುಚ್ಚುವವಳು ಎಂಬ ರೂಢಿಯನ್ನು ಅವರು ಮುರಿದರು. ಅವರ ಅಜ್ಜಿಗೆ ಚೇಷ್ಟೆ ಗೊತ್ತು, ಪೋಲಿ ಮಾತು ಗೊತ್ತು, ತಿನ್ನುವ ಚಪಲ ಗೊತ್ತು. ಎರಡು ನಿಮಿಷದ ದೃಶ್ಯದಲ್ಲೂ ಒಂದು ಹುಬ್ಬಿನ ಏರಿಳಿತಕ್ಕೆ ಸರಿಯಾದ ಜಾಗ ಹುಡುಕುತ್ತಿದ್ದರು. ಸಣ್ಣ ಪಾತ್ರವನ್ನು ದೊಡ್ಡದು ಮಾಡುವ ಆ ಕಲೆ ಪೃಥ್ವಿಯ ಹದಿನಾಲ್ಕು ವರ್ಷಗಳ ಗಳಿಕೆ.

2007ರಲ್ಲಿ ಬಂದ ‘ಸಾವರಿಯಾ’ ರಣಬೀರ್ ಕಪೂರ್ ಅವರ ಮೊದಲ ಚಿತ್ರ. ಅದರಲ್ಲಿ ಆ ಹುಡುಗನಿಗೆ ಬಾಡಿಗೆ ಮನೆ ಕೊಡುವ ಒಂಟಿ ಮುದುಕಿ ಜೊಹ್ರಾ. ಮುತ್ತಜ್ಜ ಪೃಥ್ವಿರಾಜನ ಕಂಪನಿಯಲ್ಲಿ ತಿಂಗಳ ಸಂಬಳಕ್ಕೆ ದುಡಿದವರು ಮರಿಮೊಮ್ಮಗನ ಮೊದಲ ಹೆಜ್ಜೆಗೆ ಸಾಕ್ಷಿಯಾದರು. ಅವರಿಗಾಗ ತೊಂಬತ್ತೈದು. ಮನೆಯಲ್ಲಿ ದಿನವೂ ವ್ಯಾಯಾಮ ತಪ್ಪುತ್ತಿರಲಿಲ್ಲ, ನೆನಪು ಮಾಸದಿರಲೆಂದು ಕವಿತೆಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುವುದೂ ತಪ್ಪುತ್ತಿರಲಿಲ್ಲ. ಕಂಪನಿಯವರು ಅದನ್ನು ತಾಲೀಮು ಎನ್ನುತ್ತಾರೆ. ನಾಳೆ ಪ್ರದರ್ಶನವಿದೆ ಎಂದು ನಂಬಿದವರು ಮಾತ್ರ ಅದನ್ನು ಬಿಡದೆ ಮಾಡುತ್ತಾರೆ.

ಪ್ರಶಸ್ತಿಗಳೂ ತಡವಾಗಿಯೇ ಸಾಲುಗಟ್ಟಿ ಬಂದವು. 1998ರಲ್ಲಿ ಪದ್ಮಶ್ರೀ, 2001ರಲ್ಲಿ ಕಾಳಿದಾಸ ಸಮ್ಮಾನ್, 2002ರಲ್ಲಿ ಪದ್ಮಭೂಷಣ, 2004ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್, 2010ರಲ್ಲಿ ಪದ್ಮವಿಭೂಷಣ.

ಅವರ ಅಜ್ಜಿಯರಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು ‘ವೀರ್-ಜಾರಾ’ದ (2004) ಬೇಬೆ. ಲಾಹೋರಿನ ಮುಸ್ಲಿಂ ಮನೆಯೊಂದರಲ್ಲಿ ಮಗಳನ್ನು ಸಾಕಿ ಬೆಳೆಸಿದ ಸಿಖ್ ಮುದುಕಿ ಆಕೆ. ತನ್ನ ಚಿತಾಭಸ್ಮವನ್ನು ಭಾರತದಲ್ಲಿ, ತನ್ನವರ ನೀರಿನಲ್ಲಿ ಬಿಡಬೇಕೆಂಬುದು ಕೊನೆಯ ಆಸೆ. ಸಾಕಿದ ಹುಡುಗಿ ಆ ಬೂದಿಯನ್ನು ಹಿಡಿದು ಒಬ್ಬಳೇ ಗಡಿ ದಾಟುತ್ತಾಳೆ. ಇಡೀ ಚಿತ್ರದ ಕಥೆ ಶುರುವಾಗುವುದೇ ಆ ಮುದುಕಿಯ ಬೂದಿಯಿಂದ. ಬೇಬೆ ತೆರೆಯ ಮೇಲಿರುವುದು ಸ್ವಲ್ಪ ಹೊತ್ತು. ಆ ಸ್ವಲ್ಪ ಹೊತ್ತಿನಲ್ಲಿ, ಊರು ಬಿಟ್ಟರೂ ಊರು ತನ್ನನ್ನು ಬಿಡದ ಹೆಂಗಸು ಹೇಗಿರುತ್ತಾಳೆ ಎಂದು ಜೊಹ್ರಾ ಯಾರಿಂದಲೂ ಕೇಳಿ ತಿಳಿಯಬೇಕಿರಲಿಲ್ಲ.

2010ರ ಮೇ ತಿಂಗಳಲ್ಲಿ ಉಜ್ರಾ ಲಾಹೋರಿನಲ್ಲಿ ತೀರಿಕೊಂಡರು. ಜೊಹ್ರಾ 2014ರ ಜುಲೈ 10ರಂದು ದೆಹಲಿಯಲ್ಲಿ ಕಣ್ಣುಮುಚ್ಚಿದರು. ನೂರಎರಡು ತುಂಬಿ ಎರಡೂವರೆ ತಿಂಗಳಾಗಿತ್ತು. ಪಠಾಣರ ಮನೆಯ ಮಗಳಿಗೆ ಲೋದಿ ರಸ್ತೆಯ ಚಿತಾಗಾರದಲ್ಲಿ ಬೆಂಕಿ ಕೊಟ್ಟರು. ತಂಗಿ ಗೋಡೆಯ ಆಚೆ ಉಳಿದರು, ಅಕ್ಕ ಈಚೆ. ಒಂದು ಕಾಲದಲ್ಲಿ ಇಬ್ಬರೂ ಒಂದೇ ಕಂಪನಿಯಲ್ಲಿ, ಸಂಜೆ ಬಿದ್ದ ಗೋಡೆಯನ್ನು ಮರುದಿನ ಕೆಡವಲೆಂದೇ ಎಬ್ಬಿಸಿ ನಿಲ್ಲಿಸುತ್ತಿದ್ದ ಜನರ ನಡುವೆ ಇದ್ದರು.